ಬಿಸಿಲು ಕುಡಿದ ಸುಣ್ಣ

ಸವಣೂರಿನ ಸುಣ್ಣದ ಭಟ್ಟಿಯ ಉಡಚಪ್ಪ ತನ್ನ ಜೀವಮಾನದಲ್ಲಿ ಒಬ್ಬನೇ ಒಬ್ಬನನ್ನು ಕಂಡು ಹೊಟ್ಟೆಕಿಚ್ಚು ಪಟ್ಟ. ಆ ಒಬ್ಬನ ಮೇಲೆ ಪಟ್ಟದ್ದನ್ನು ಊರ ಮಂದಿಗೆಲ್ಲ ಹಂಚಿದ್ದರೂ ಇನ್ನಷ್ಟು ಮಿಗುತ್ತಿತ್ತು. ಅವನು ಬೇರೆ ಯಾರೂ ಅಲ್ಲ, ಉಡಚಪ್ಪನ ಬೆನ್ನಿಗೆ ಬಿದ್ದ ತಂಗಿ ಮಂಜವ್ವನ ಗಂಡ ದ್ಯಾಮಪ್ಪ.

ಹಾಗೆಂದು ಉಡಚಪ್ಪನನ್ನು ಕೆಟ್ಟ ಮನುಷ್ಯ ಎಂದರೆ ಅಂದವರ ಬಾಯಿಗೆ ಹುಳ ಬಿದ್ದೀತು. ತೂಕದಲ್ಲಿ ಮೋಸ ಮಾಡಿದವನಲ್ಲ, ಸುಣ್ಣಕ್ಕೆ ಬೂದಿ ಬೆರೆಸಿದವನಲ್ಲ. ಸವಣೂರು ಎಲೆಬಳ್ಳಿಯ ಊರು. ಎಲೆ ಎಷ್ಟೇ ಎಳೆಯದಿರಲಿ, ಹದವಾದ ಸುಣ್ಣ ತಾಗದಿದ್ದರೆ ಬಾಯಿ ಕೆಂಪೇರುವುದಿಲ್ಲ. ಉಡಚಪ್ಪನ ಮನೆತನ ನಾಲ್ಕು ತಲೆಮಾರಿನಿಂದ ಆ ಹದವನ್ನು ಕಾಯುತ್ತ ಬಂದಿತ್ತು. ಮಾಸೂರಿನ ಮದಗದ ಕೆರೆಯಿಂದ ಚಿಪ್ಪು ಬಂಡಿಯಲ್ಲಿ ಬರಬೇಕು, ಭಟ್ಟಿಯೊಳಗೆ ಇದ್ದಲಿಯ ನಡುವೆ ಪದರು ಪದರಾಗಿ ಬೇಯಬೇಕು, ಬೆಂದದ್ದರ ಮೇಲೆ ನೀರು ಚಿಮುಕಿಸಬೇಕು. ಆಗ ಅದು ಬುಸುಗುಟ್ಟಿ ಅರಳಿ ಹಿಟ್ಟಾಗುತ್ತದೆ. ನೀರು ಕುಡಿಯದ ಸುಣ್ಣ ಸುಣ್ಣವೇ ಅಲ್ಲ ಎಂದು ಅಪ್ಪ ಗಿರಿಯಪ್ಪ ಮಗನಿಗೆ ಮೀಸೆ ಮೂಡುವ ಮೊದಲೇ ಕಲಿಸಿದ್ದ. ನೀರು ಚಿಮುಕಿಸುವುದರಲ್ಲಿ ಉಡಚಪ್ಪನದು ಅಪ್ಪನಿಗಿಂತ ಒಂದು ಕೈ ಮೇಲೆ ಎಂದು ಗಿರಾಕಿಗಳೇ ಹೇಳುತ್ತಿದ್ದರು. ಅಪ್ಪ ಮಾತ್ರ ಒಮ್ಮೆಯೂ ಹೇಳಲಿಲ್ಲ.

ಹೀಗಿರುವಾಗ ೧೯೩೩ರಲ್ಲಿ ಗಿರಿಯಪ್ಪ ಮಗಳನ್ನು ದೂರ ಕಳಿಸಲಾರದೆ ಮಾಸೂರಿನ ದ್ಯಾಮಪ್ಪನನ್ನು ಮನೆಯಳಿಯನನ್ನಾಗಿ ತಂದುಕೊಂಡ. ದ್ಯಾಮಪ್ಪನ ಕಡೆಯವರು ಕಂಡವರ ಗದ್ದೆಯಲ್ಲಿ ದುಡಿದವರು. ಅವನಿಗೆ ಸುಣ್ಣದ ಸು ಕೂಡ ಗೊತ್ತಿರಲಿಲ್ಲ. ಆದರೆ ಯಾವುದನ್ನು ಕಂಡರೂ 'ಇದು ಯಾಕ ಹಿಂಗ?' ಎಂದು ಕೇಳುವ ಚಾಳಿ ಇತ್ತು. ಉಡಚಪ್ಪ ಹಾಗೆ ಕೇಳಿದಾಗಲೆಲ್ಲ ಅಪ್ಪನಿಂದ ತಲೆಗೆ ಮೊಟಕಿಸಿಕೊಂಡು ಬೆಳೆದವನು. ಅಳಿಯ ಕೇಳಿದರೆ ಅದೇ ಅಪ್ಪ ಕಂಬಳಿ ಹಾಸಿ ಕೂಡಿಸಿ ಹೇಳುತ್ತಿದ್ದ. ಬಿಸಿ ರೊಟ್ಟಿ ಮೊದಲು ದ್ಯಾಮಪ್ಪನ ತಾಟಿಗೆ. ಅಳಿಯನನ್ನು ಕರೆಯುವಾಗ 'ದ್ಯಾಮಾ', ಮಗನನ್ನು ಕರೆಯುವಾಗ 'ಏ'. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆ ತಮ್ಮಂಥ ಸುಣ್ಣದವರ ಮನೆಯಲ್ಲಿಯೇ ಹುಟ್ಟಿರಬೇಕು ಎಂದು ಉಡಚಪ್ಪನಿಗೆ ಅನಿಸುತ್ತಿತ್ತು.

ಅವನ ಹೆಂಡತಿ ಭರಮವ್ವ ಮಾತಿನಲ್ಲಿ ಖಾರದವಳು. ಗಂಡ ಊಟ ಬಿಟ್ಟು ಎದ್ದಾಗಲೆಲ್ಲ ಅನ್ನುತ್ತಿದ್ದಳು:

"ನಿಮ್ಮ ಹೊಟ್ಟಿ ಮ್ಯಾಲ ಚಿಪ್ಪು ಇಟ್ರ ಇದ್ದಲಿ ಇಲ್ಲದ ಬೇಯತಾವ ನೋಡ್ರಿ."

ಶಿಗ್ಗಾವಿಯ ಸಾಲೆಯ ಮಹಾಲಿಂಗಪ್ಪ ಮಾಸ್ತರರು ತಿಂಗಳಿಗೊಮ್ಮೆ ಎಲೆ ಸುಣ್ಣ ಕೊಳ್ಳಲು ಸವಣೂರಿಗೆ ಬರುವವರು. ೧೯೩೮ರ ಬೇಸಿಗೆಯಲ್ಲಿ ಅವರು ಭಟ್ಟಿಯ ಕಟ್ಟೆಯ ಮೇಲೆ ಕುಳಿತು ಒಂದು ಸುದ್ದಿ ಹೇಳಿದರು.

"ಗಿರಿಯಪ್ಪಾ, ನೀ ಸುಡೂ ಈ ಚಿಪ್ಪಿನಾಗ ಒಂದು ಕರಾಮತ್ತು ಐತಿ. ಸುಟ್ಟ ಚಿಪ್ಪನ್ನ ಗಂಧಕದ ಜೋಡಿ ಕುಟ್ಟಿ, ಮುಚ್ಚಿದ ಗಡಿಗ್ಯಾಗ ಮತ್ತೊಮ್ಮೆ ಸುಟ್ರ ಅದು ಬಿಸಲು ಕುಡಿತೈತಿ. ಕುಡದಿದ್ದನ್ನ ಕತ್ತಲಾಗ ಕಾರತೈತಿ."

"ಸುಣ್ಣ ನೀರು ಕುಡಿಯೂದು ಕಂಡೇನಿ, ಬಿಸಲು ಕುಡಿಯೂದು ಕಂಡಿಲ್ಲರಿ," ಎಂದು ಗಿರಿಯಪ್ಪ ನಕ್ಕ.

ದ್ಯಾಮಪ್ಪ ನಗಲಿಲ್ಲ. ಉಡಚಪ್ಪನೂ ನಗಲಿಲ್ಲ. ಅಳಿಯನಿಗೆ ಬೇಕಾದದ್ದು ಆ ಬೆಳಕು. ಮಗನಿಗೆ ಬೇಕಾದದ್ದು ಅಪ್ಪ ತನ್ನ ಕಡೆ ಒಮ್ಮೆ ತಿರುಗಿ ನೋಡುವುದು. ಇಬ್ಬರೂ ಮದ್ದು ಸುಡುವ ಖಲಂದರನ ಅಂಗಡಿಗೆ ಹೋಗಿ ಬೇರೆ ಬೇರೆಯಾಗಿ ಗಂಧಕ ತಂದರು.

ಉಡಚಪ್ಪ ಮೂರು ಸಲ ಸುಟ್ಟ. ಮೂರು ಸಲವೂ ಗಡಿಗೆ ಒಡೆದು ಮಾಲು ತೆಗೆದ ಕೂಡಲೇ ಅವನ ಬಲಗೈ ತಾನಾಗಿ ನೀರಿನ ತಂಬಿಗೆಗೆ ಹೋಯಿತು. ನಾಲ್ಕು ತಲೆಮಾರಿನ ಕೈ, ಅದಕ್ಕೆ ಯಾರೂ ಹೇಳಬೇಕಾಗಿರಲಿಲ್ಲ. ನೀರು ಬಿದ್ದದ್ದೇ ತಡ, ಕೊಳೆತ ತತ್ತಿಯ ನಾತ ಎದ್ದು ಓಣಿಯೆಲ್ಲ ಮೂಗು ಮುಚ್ಚಿಕೊಂಡಿತು. ಬೆಳಕು ಮಾತ್ರ ಸಾಸಿವೆಯಷ್ಟೂ ಬರಲಿಲ್ಲ.

ದ್ಯಾಮಪ್ಪನಿಗೆ ನೀರು ಚಿಮುಕಿಸುವ ಅಭ್ಯಾಸವೇ ಇರಲಿಲ್ಲ. ಬೆಂದದ್ದನ್ನು ಒಣಗಿದ್ದಂತೆಯೇ ಕುಟ್ಟಿ, ಅತ್ತರಿನ ಒಂದು ಚಪ್ಪಟೆ ಕುಪ್ಪಿಯಲ್ಲಿ ತುಂಬಿ, ಬೆಂಡು ಹಾಕಿ, ಮೇಲೆ ಅರಗು ಕಾಯಿಸಿ ಬಾಯಿ ಮುಚ್ಚಿದ. ಅಂಗಳದಲ್ಲಿ ಒಂದು ತಾಸು ಬಿಸಿಲಿಗೆ ಇಟ್ಟ. ಆಮೇಲೆ ಮನೆಮಂದಿಯನ್ನೆಲ್ಲ ಸುಣ್ಣದ ಕೋಣೆಯೊಳಗೆ ಕರೆದು, ಬಾಗಿಲು ಹಾಕಿ, ತಲೆಯ ಮೇಲೆ ಜೋಡಿ ಕಂಬಳಿ ಹೊದಿಸಿ ಅಂದ:

"ಎಲ್ಲಾರೂ ಕಣ್ಣು ಮುಚ್ಚಿ ಇಪ್ಪತ್ತು ಎಣಸ್ರಿ. ಆಮ್ಯಾಲ ತಗೀರಿ."

ಎಣಿಸಿ ಕಣ್ಣು ತೆರೆದರೆ ಅವನ ಅಂಗೈಯಲ್ಲಿ ಅಗಸೆ ಹೂವಿನ ಬಣ್ಣದ ಬೆಳಕು ಕುಳಿತಿತ್ತು. ಹೊರಗೆ ನಡು ಮಧ್ಯಾಹ್ನ, ಕಂಬಳಿಯೊಳಗೆ ಆ ನೀಲಿ. ಗಿರಿಯಪ್ಪ ಅಳಿಯನ ತಲೆ ನೇವರಿಸಿದ.

"ಮಗಾ ಅಂದ್ರ ಹಿಂಗಿರಬೇಕು."

ಹೆತ್ತ ಮಗ ಅದೇ ಕಂಬಳಿಯೊಳಗೆ, ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ ಕುಳಿತಿದ್ದ. ತನ್ನ ಕೈ ಕಲಿತದ್ದೇ ತನಗೆ ಶತ್ರುವಾಯಿತಲ್ಲ, ಏನೂ ಕಲಿಯದವನಿಗೆ ದಕ್ಕಿತಲ್ಲ ಎಂದು ಆ ಕತ್ತಲಲ್ಲಿ ಹಲ್ಲು ಕಚ್ಚಿಕೊಂಡ.

ಅಲ್ಲಿಂದ ಮುಂದೆ ಕುಪ್ಪಿ ಸುಣ್ಣದ ಕೋಣೆಯ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ವಿಚಿತ್ರವೆಂದರೆ ದ್ಯಾಮಪ್ಪ ಮತ್ತೆ ಎಷ್ಟು ಗಡಿಗೆ ಸುಟ್ಟರೂ ಅಂಥ ಮಾಲು ಇನ್ನೊಮ್ಮೆ ಬರಲಿಲ್ಲ. ಆ ಗಂಧಕದಲ್ಲೋ ಆ ಚಿಪ್ಪಿನಲ್ಲೋ ಏನೋ ಒಂದು ಚಿಟಿಕೆ ಸೇರಿತ್ತು, ಅದು ಮತ್ತೆ ಸಿಗಲಿಲ್ಲ. ಇದ್ದದ್ದು ಒಂದೇ ಕುಪ್ಪಿ.

ಒಂದು ದಿನ ಉಡಚಪ್ಪ ಭಟ್ಟಿ ಕೆದಕಿ ಬಂದವನೇ ಆ ಕೋಣೆಗೆ ಹೊಕ್ಕು ಬಾಗಿಲು ಹಾಕಿಕೊಂಡ. ಕಂಬಳಿ ಹೊದ್ದು, ದ್ಯಾಮಪ್ಪ ಆಗಷ್ಟೇ ಬಿಸಿಲಿಗೆ ಹಿಡಿದು ಇಟ್ಟಿದ್ದ ಕುಪ್ಪಿಯನ್ನು ಕೈಯಲ್ಲಿ ಹಿಡಿದ. ಕದಿಯಲೂ ಅಲ್ಲ, ಒಡೆಯಲೂ ಅಲ್ಲ. ಅಪ್ಪ ಮೆಚ್ಚಿದ ವಸ್ತು ಹೇಗಿದೆ ಎಂದು ಒಬ್ಬನೇ ನೋಡಬೇಕಾಗಿತ್ತು, ಅಷ್ಟೇ. ನೋಡುತ್ತಿದ್ದಂತೆ ತನ್ನ ಬಿಸಿ ಬೆರಳು ತಾಗಿದ ಕಡೆ ಬೆಳಕು ಮಿಕ್ಕ ಕಡೆಗಿಂತ ಜೋರಾಗಿದ್ದುದು ಕಂಡಿತು. ಬೆರಳು ತೆಗೆದ. ಗಾಜಿನ ಹಿಂದೆ ಮೂರು ಬೆರಳು ಬೆಳಕಿನಲ್ಲಿ ಮೂಡಿದ್ದವು. ತುಸು ಹೊತ್ತಿಗೆ ಸುತ್ತಲಿನ ಬೆಳಕು ಹಾಗೆಯೇ ಉಳಿದು, ಆ ಮೂರು ಬೆರಳಿನ ಜಾಗ ಕಪ್ಪಾಯಿತು.

ಬೆಂಕಿಯ ಜೊತೆ ಹುಟ್ಟಿ ಬೆಳೆದವನಿಗೆ ಬಿಡಿಸಿ ಹೇಳಬೇಕೆ? ಬಿಸಿ ತಾಗಿದರೆ ಸುಣ್ಣ ಕುಡಿದ ಬಿಸಿಲನ್ನು ಒಮ್ಮೆಲೇ ಕಾರಿ ಬರಿದಾಗುತ್ತದೆ. ದ್ಯಾಮಪ್ಪನ ಗಡಿಗೆಯ ತಳದಲ್ಲಿ ಉಳಿದಿದ್ದ ಚಿಟಿಕೆ ಪುಡಿಯನ್ನು ಬಳಿದು ಇನ್ನೊಂದು ಚಿಕ್ಕ ಕುಪ್ಪಿಗೆ ಹಾಕಿಕೊಂಡು ಉಡಚಪ್ಪ ಕದ್ದು ಕದ್ದು ಪರೀಕ್ಷೆ ಮಾಡಿದ. ನೀರಿನ ಗಡಿಗೆಯ ಕೆಳಗಿನ ಹಸಿ ಉಸುಕಿನಲ್ಲಿ ಇಟ್ಟರೆ ಬೆಳಕು ಮಂದ, ಆದರೆ ಬಹಳ ಹೊತ್ತು ತಾಳುತ್ತದೆ. ಒಲೆಯ ಬೂದಿಯ ಹತ್ತಿರ ಇಟ್ಟರೆ ಭಗ್ಗೆಂದು ಬಂದು ಸತ್ತು ಹೋಗುತ್ತದೆ. ಮತ್ತೆ ಬಿಸಿಲು ಕಂಡರೆ ಮೊದಲಿನಂತೆ. ಒಮ್ಮೆ ಅದನ್ನು ಬಿಸಿಲಿಗೆ ಹಿಡಿದು ಕತ್ತಲ ಪೆಟ್ಟಿಗೆಯಲ್ಲಿಟ್ಟು ಎಂಟು ದಿನ ಮರೆತಿದ್ದ. ತೆಗೆದು ನೋಡಿದರೆ ಬೆಳಕಿಲ್ಲ. ಬೂದಿಯ ಹತ್ತಿರ ಹಿಡಿದರೆ ಎಂಟು ದಿನದ ಹಿಂದಿನ ಬಿಸಿಲು ಹೊರಗೆ ಬಂತು. ತಂಪಿಗೆ ಬಿಗಿಹಿಡಿಯುತ್ತದೆ, ಬಿಸಿಗೆ ಬಿಟ್ಟುಕೊಡುತ್ತದೆ ಎಂಬುದು ಅವನಿಗೆ ಖಾತ್ರಿಯಾಯಿತು.

ಇದನ್ನು ದ್ಯಾಮಪ್ಪನಿಗೆ ಹೇಳಿದ್ದರೆ ಅವನು ಕುಣಿದಾಡುತ್ತಿದ್ದ. ಅಪ್ಪನಿಗೆ ಹೇಳಿದ್ದರೆ ಒಂದು ರೊಟ್ಟಿಯಾದರೂ ಮೊದಲು ಇವನ ತಾಟಿಗೆ ಬೀಳುತ್ತಿತ್ತೋ ಏನೋ. ಉಡಚಪ್ಪ ಯಾರಿಗೂ ಹೇಳಲಿಲ್ಲ. ದ್ಯಾಮಪ್ಪನಿಗೆ ಗೊತ್ತಿಲ್ಲದ್ದು ತನಗೊಂದು ಗೊತ್ತಿದೆ ಎಂಬ ಸುಖವನ್ನು ಅವನು ಬೆಲ್ಲದ ಚೂರಿನಂತೆ ದವಡೆಯಲ್ಲಿ ಇಟ್ಟುಕೊಂಡ.

ಮರುವರ್ಷ ಮಾಗಿಯಲ್ಲಿ ಹಾನಗಲ್ಲಿನಲ್ಲಿ ಬೇಸಾಯ ಮತ್ತು ಕೈಕೆಲಸಗಳ ಪ್ರದರ್ಶನ ನಡೆಯಿತು. ಮಾಸ್ತರರ ಒತ್ತಾಯಕ್ಕೆ ಗಿರಿಯಪ್ಪನ ಮನೆಯವರೆಲ್ಲ ಕುಪ್ಪಿ ತೆಗೆದುಕೊಂಡು ಬಂಡಿ ಕಟ್ಟಿದರು. ಮೈದಾನದಲ್ಲಿ ಕಂಬಳಿಗಳಿಂದ ಕತ್ತಲ ಡೇರೆ ಹಾಕಿದರು. ಧಾರವಾಡದಿಂದ ಬಂದ ಸಾಹೇಬರು ಮುಂಜಾನೆ ನೋಡಿ ಮೆಚ್ಚಿದರು. ಆದರೆ ಒಂದು ಷರತ್ತು ಹಾಕಿದರು.

"ಬಿಸಲಿಗೆ ಇಟ್ಟ ಕೂಡಲೆ ಹೊಳಿಯೂದು ದೊಡ್ಡದಲ್ಲ. ಬೆಳಕು ಉಳೀಬೇಕು. ಈಗ ಪೆಟ್ಟಿಗ್ಯಾಗ ಇಡ್ರಿ, ಎರಡು ತಾಸು ಬಿಟ್ಟು ಬರತೇನಿ. ಆಗೂ ಕಂಡ್ರ ಪದಕ ನಿಮ್ಮದು."

ಗಿರಿಯಪ್ಪ ಸುತ್ತ ನೆರೆದ ಮಂದಿಗೆ ಕೇಳಿಸುವಂತೆ ಹೇಳಿಬಿಟ್ಟ:

"ಪದಕ ಬಂದ್ರ ಭಟ್ಟಿ ಬಾಗಲಿಗೆ ದ್ಯಾಮನ ಹೆಸರು ಬರಸತೇನಿ."

ನಾಲ್ಕು ತಲೆಮಾರಿನ ಭಟ್ಟಿ. ಅದರ ಬಾಗಿಲಿಗೆ ಮಾಸೂರಿನವನ ಹೆಸರು. ಉಡಚಪ್ಪನ ಕಿವಿ ಕಾದವು. ಅಷ್ಟರಲ್ಲಿ ಅಪ್ಪ ಅವನ ಕಡೆ ತಿರುಗಿ, "ಏ, ನೀ ಪೆಟಗಿ ಕಾಯಕೋತ ಇಲ್ಲೇ ಕುಂದ್ರು," ಎಂದು ಅಳಿಯನನ್ನೂ ಮಗಳನ್ನೂ ಕರೆದುಕೊಂಡು ಪ್ರದರ್ಶನ ನೋಡಲು ಹೊರಟ. ಕುರಿ ಕಾಯಲು ತೋಳನನ್ನು ಇಡುವುದೆಂದರೆ ಇದೇ.

ಪಕ್ಕದ ಡೇರೆಯಲ್ಲಿ ಒಬ್ಬ ಚುರುಮುರಿ ಹುರಿಯುತ್ತಿದ್ದ. ಬಾಣಲೆಯಲ್ಲಿ ಉಸುಕು ಕೆಂಪಗೆ ಕಾದಿತ್ತು. ಉಡಚಪ್ಪ ಹೋಗಿ ಹೆಗಲ ಮೇಲಿನ ಅರಿವೆ ಚಾಚಿದ.

"ಹೊಟ್ಟಿ ನೋಯಾಕತ್ತೈತಿ. ಶಾಖ ಕೊಟ್ಕೋತೇನಿ, ನಾಕು ಹಿಡಿ ಉಸುಕು ಹಾಕು."

"ಹೊಟ್ಟ್ಯಾಗ ಏನ್ ಹೊಕ್ಕೈತೋ ಏನೋ," ಎಂದು ಅವನು ಹಾಕಿದ.

ಡೇರೆಯೊಳಗೆ ಉಡಚಪ್ಪ ಪೆಟ್ಟಿಗೆ ತೆರೆದು ಕುಪ್ಪಿಯನ್ನು ಆ ಗಂಟಿನಲ್ಲಿ ಹೂತ. ಕಂಬಳಿ ತಲೆಯ ಮೇಲೆ ಎಳೆದುಕೊಂಡ. ಇಪ್ಪತ್ತು ಎಣಿಸಲೂ ಇಲ್ಲ. ಅರಿವೆಯ ಸಂದಿನಿಂದ ಬೆಳಕು ಉಕ್ಕಿತು. ಉಸುಕು ಸರಿಸಿ ನೋಡಿದ. ಒಂದು ಹೊಲದ ಅಗಸೆಯೆಲ್ಲ ಒಂದೇ ಕುಪ್ಪಿಯಲ್ಲಿ ಹೂತಂತಿತ್ತು. ಆ ಬೆಳಕಿನಲ್ಲಿ ಕಂಬಳಿಯ ಒಂದೊಂದು ಎಳೆ ಕಂಡಿತು, ಅವನ ಅಂಗೈಯ ಗೆರೆ ಕಂಡವು, ಉಗುರಿನ ಸಂದಿನ ಸುಣ್ಣ ಕಂಡಿತು. ಅಷ್ಟು ಚಂದದ್ದನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ. 'ಅಪ್ಪಾ, ಬಂದು ನೋಡು' ಎಂಬ ಮಾತು ಬಾಯಿಗೆ ಬಂದೇ ಬಿಟ್ಟಿತ್ತು. ಅವನು ಬಾಯಿ ಮುಚ್ಚಿಕೊಂಡ. ಬೆಳಕು ಇಳಿಯುತ್ತ ಇಳಿಯುತ್ತ ಕಣ್ಣೆದುರೇ ಸತ್ತಿತು.

ಬಿಸಿಗೆ ಅರಗು ಮೆತ್ತಗಾಗಿತ್ತು. ಹೆಬ್ಬೆರಳಿನಿಂದ ಒತ್ತಿ ಸರಿಮಾಡಿ, ಕುಪ್ಪಿಯನ್ನು ಧೋತರದ ಸೆರಗಿನಿಂದ ಒರೆಸಿ, ತಣ್ಣಗಾದ ಮೇಲೆ ಪೆಟ್ಟಿಗೆಯಲ್ಲಿಟ್ಟ.

ಎರಡು ತಾಸಿನ ಮೇಲೆ ಸಾಹೇಬರು ಬಂದರು. ಕಂಬಳಿಯೊಳಗೆ ಎಲ್ಲರೂ ಇಪ್ಪತ್ತು ಎಣಿಸಿದರು. ಕತ್ತಲೆ. ನಲವತ್ತು ಎಣಿಸಿದರು. ಕತ್ತಲೆಯೇ. ಯಾರೋ ಕಿಸಕ್ಕೆಂದರು. ದ್ಯಾಮಪ್ಪ ಕೈಮುಗಿದ.

"ಇನ್ನೊಂದು ಸರ್ತೆ ಬಿಸಲಿಗೆ ಹಿಡದು ತೋರಸ್ತೇನ್ರಿ ಸಾಹೇಬ್ರ."

"ಅದನ್ನ ಮುಂಜಾನಿ ನೋಡೇವಲ್ಲಪಾ," ಎಂದು ಅವರು ಹೊರಟೇಬಿಟ್ಟರು.

"ಯಾರೋ ಕೈಯಾಡಿಸ್ಯಾರ," ಎಂದು ಮಾಸ್ತರರು ಗೊಣಗಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ಉಡಚಪ್ಪ ತನಗೆ ಅರಿವಿಲ್ಲದೆ ಧೋತರದ ಮೇಲಿನ ಉಸುಕು ಕೊಡವಿಕೊಂಡ. ದ್ಯಾಮಪ್ಪ ಕುಪ್ಪಿಯನ್ನು ತಿರುವಿ ತಿರುವಿ ನೋಡುತ್ತಿದ್ದ. ಒಮ್ಮೆ ತಲೆ ಎತ್ತಿ ಉಡಚಪ್ಪನನ್ನು ನೋಡಿ, ಮತ್ತೆ ಕುಪ್ಪಿಯ ಕಡೆ ತಿರುಗಿದ.

ಸವಣೂರಿನ ಎಲೆಪೇಟೆಯಲ್ಲಿ ದ್ಯಾಮಪ್ಪನಿಗೆ 'ಬೆಳಕಿನ ದ್ಯಾಮ' ಎಂದು ಹೆಸರಿಟ್ಟು ನಕ್ಕರು. ವಾರ ಕಳೆಯುವುದರೊಳಗೆ ಅವನೇ ಮಾವನ ಎದುರು ನಿಂತ.

"ನಾ ಮಾಸೂರಿಗೆ ಹೋಗ್ತೇನ್ರಿ ಮಾವಾ. ಅಲ್ಲಿಂದ ಚಿಪ್ಪು ಆರಿಸಿ ಕಳಸ್ತೇನಿ. ಭಟ್ಟಿ ಭಾವಾರು ನೋಡ್ಕೊಳ್ಳಲಿ."

ದ್ಯಾಮಪ್ಪ ಹೆಂಡತಿ, ಕುಪ್ಪಿ ಸಮೇತ ಹೊರಟುಹೋದ; ಹೀಗೆ ಭಟ್ಟಿ ಉಡಚಪ್ಪನಿಗೆ ಬಂತು. ಬಿಸಿ ರೊಟ್ಟಿಯೂ ಬಂತು. ಆದರೆ ಗಿರಿಯಪ್ಪ ಸಾಯುವ ತನಕ ತಾಟಿನ ಎದುರು ಕುಳಿತು ಬಾಗಿಲ ಕಡೆಗೇ ನೋಡುತ್ತಿದ್ದ. ದ್ಯಾಮಪ್ಪ ತಿಂಗಳಿಗೊಮ್ಮೆ ಚಿಪ್ಪಿನ ಬಂಡಿ ಹೊಡೆದುಕೊಂಡು ಬರುವನು. ಇಳಿಸಿದ ಮೇಲೆ ಕಟ್ಟೆಯ ಮೇಲೆ ಕುಳಿತು, ಏನೋ ಕೇಳಿಸಿಕೊಳ್ಳಬೇಕಾದವನಂತೆ ಬಹಳ ಹೊತ್ತು ಉಡಚಪ್ಪನ ಮುಖ ನೋಡುವನು.

"ಮತ್ತ ಏನರಿ ಭಾವಾರ, ವಿಶೇಷ?"

"ಏನೂ ಇಲ್ಲ," ಎನ್ನುವನು ಉಡಚಪ್ಪ.

ದ್ಯಾಮಪ್ಪ ನಕ್ಕು ಎತ್ತು ಹೂಡುವನು. ಮೈಮೇಲೆ ಹರಕು ಅಂಗಿ, ಊರ ತುಂಬ ಅಡ್ಡಹೆಸರು, ಆದರೂ ಹಾಡು ಗುನುಗುತ್ತ ಹೋಗುವನಲ್ಲ! ಭಟ್ಟಿ ಕಸಿದುಕೊಂಡೆ, ಮಾನ ಕಳೆದೆ, ಈ ಹಾಡು ಕಸಿಯುವುದು ಹೇಗೆ ಎಂದು ಉಡಚಪ್ಪ ಬಂಡಿ ಮರೆಯಾಗುವ ತನಕ ಕುದಿಯುವನು. ಅವನನ್ನು ಅವನೇ ಸುಟ್ಟುಕೊಂಡಷ್ಟು ಯಾವ ವೈರಿಯೂ ಸುಟ್ಟಿರಲಿಕ್ಕಿಲ್ಲ.

ಏಳು ವರ್ಷ ಹೀಗೇ ನಡೆಯಿತು. ೧೯೪೬ರ ಮಳೆಗಾಲದ ಕೊನೆಗೆ ಮಾಸೂರಿನಲ್ಲಿ ಚಳಿಜ್ವರ ಹಬ್ಬಿ ದ್ಯಾಮಪ್ಪ ಮೂರೇ ದಿನಕ್ಕೆ ತೀರಿಹೋದ. ಉಡಚಪ್ಪ ಮಣ್ಣಿಗೆ ಹೋಗಿ ಬಂದ. ಅತ್ತನೋ ಇಲ್ಲವೋ ಅವನಿಗೇ ನೆನಪಿಲ್ಲ. ನೆನಪಿದ್ದದ್ದು ಒಂದೇ, ಸತ್ತವನಿಗಾಗಿ ಊರಿಗೆ ಊರೇ ಅತ್ತದ್ದನ್ನು ಕಂಡು ತನಗೆ ಇಷ್ಟು ಮಂದಿ ಅತ್ತಾರೆಯೇ ಎಂದು ಅನಿಸಿದ್ದು.

ತಿಂಗಳ ಮೇಲೆ ಮಂಜವ್ವ ತವರಿಗೆ ಬಂದಳು. ಭರಮವ್ವ ಎಲೆಪೇಟೆಗೆ ಹೋಗಿದ್ದಳು. ಮಂಜವ್ವ ಸುಣ್ಣದ ಕೋಣೆಯ ಹೊಸ್ತಿಲ ಮೇಲೆ ಕುಳಿತು, ಕರಿ ಅರಿವೆಯಲ್ಲಿ ಸುತ್ತಿದ ಕುಪ್ಪಿಯನ್ನು ಬಿಚ್ಚದೆ ಅಣ್ಣನ ಕೈಗೆ ಕೊಟ್ಟಳು.

"ಜ್ವರ ಬಂದ ದಿನ ಮುಂಜಾನಿ ಬಿಸಲಿಗೆ ಹಿಡದು ಸುತ್ತಿ ಇಟ್ಟಿದ್ರು. ಆಮ್ಯಾಲ ನಾ ಬಿಚ್ಚಿಲ್ಲ. ಅಂಗಳದಾಗ ಒಂದೀಟು ಬಿಸಲಿಗೆ ಹಿಡದು ನನಗ ತೋರಸಣ್ಣಾ. ನನ್ನ ಕೈ ಬರವಲ್ದು."

ಉಡಚಪ್ಪ ಅಂಗಳದ ಬಿಸಿಲು ನೋಡಿದ. ಹಿಡಿದರೆ ಇವತ್ತಿನ ಬಿಸಿಲು ಒಳಗೆ ಹೋಗುತ್ತದೆ. ಒಳಗಿರುವುದೋ ದ್ಯಾಮಪ್ಪ ತನ್ನ ಕೈಯಿಂದ ಹಿಡಿದ ಕೊನೆಯ ಬಿಸಿಲು. ಬಿಸಿ ಮುಟ್ಟಿಸಿದರೆ ಅದು ಬರುತ್ತದೆ, ಒಂದೇ ಸಲ ಬರುತ್ತದೆ. ಇದು ಗೊತ್ತಿರುವವನು ಭೂಮಿಯ ಮೇಲೆ ತಾನೊಬ್ಬನೇ. ತಂಗಿಗೆ ಹೇಳಿದರೆ, ನಿನಗೆ ಹೇಗೆ ಗೊತ್ತು ಎಂದು ಕೇಳದೆ ಬಿಡುತ್ತಾಳೆಯೇ? ಸುಮ್ಮನೆ ಅಂಗಳಕ್ಕೆ ಇಳಿದರೆ ಮುಗಿಯಿತು. ಹಾನಗಲ್ಲು ಹಾನಗಲ್ಲಿನಲ್ಲೇ ಉಳಿಯುತ್ತದೆ. ಇನ್ನೂ ಒಂದು ಯೋಚನೆ ಬಂತು, ಅದನ್ನೂ ಮುಚ್ಚಿಡುವುದು ಬೇಡ. ಇವಳನ್ನು ಒಳಗೆ ಕಳಿಸಿ, ಆ ಕೊನೆಯ ಬೆಳಕನ್ನೂ ತಾನೊಬ್ಬನೇ ನೋಡಿಬಿಡೋಣ ಎಂದು ಅವನ ಹೊಟ್ಟೆ ಹೇಳಿತು.

ತಂಗಿಯ ಬೋಳು ಹಣೆ ನೋಡಿದ.

"ಬ್ಯಾಡವ್ವ. ಬಿಸಲಿಗೆ ಹಿಡೀಬಾರದು. ಇದರಾಗ ದ್ಯಾಮಪ್ಪ ಹಿಡದ ಬಿಸಲು ಇನ್ನೂ ಐತಿ. ಬಿಸಿ ಮುಟ್ಟಿಸಿದ್ರ ಹೊರಗ ಬರತೈತಿ."

ಮಂಜವ್ವ ಅವನನ್ನೇ ನೋಡಿದಳು. ಅವನು ಪ್ರಶ್ನೆಗಾಗಿ ಕಾದ. ಅವಳು ಕೇಳಲಿಲ್ಲ. ಭಟ್ಟಿಯ ಬಿಸಿ ಬೂದಿಯನ್ನು ಬೋಗುಣಿಯಲ್ಲಿ ತಂದು, ಬಾಗಿಲು ಹಾಕಿ, ಅಣ್ಣ ತಂಗಿ ಜೋಡಿ ಕಂಬಳಿ ಹೊದ್ದು ಕುಳಿತರು. ಅವಳೇ ಇಪ್ಪತ್ತು ಎಣಿಸಿದಳು. ಅವನು ಅರಿವೆ ಬಿಚ್ಚಿ ಕುಪ್ಪಿಯನ್ನು ಬೂದಿಯ ಮೇಲಿಟ್ಟ.

ಹಾನಗಲ್ಲಿನಷ್ಟು ಬರಲಿಲ್ಲ. ಆದರೂ ಬಂತು. ಅದೇ ಅಗಸೆಯ ನೀಲಿ ಮೆಲ್ಲಗೆ ಏರಿ ಅವಳ ಮುಖದ ಮೇಲೆ ಬಿತ್ತು. ಅವಳು ಬಾಯಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಬೆರಳು ಚಾಚಿ ಕುಪ್ಪಿಯ ಬಾಯಿ ತೋರಿಸಿದಳು. ಅರಗಿನಲ್ಲಿ ಉಸುಕಿನ ಹರಳು ಐದಾರು, ಅಂದು ಹೂತಂತೆಯೇ ಹೂತಿದ್ದವು, ಪಕ್ಕದಲ್ಲಿ ಅವನ ಹೆಬ್ಬೆರಳಿನ ಗುರುತು.

"ಚುರುಮುರಿ ಉಸುಕು, ಬಿಸಿ ಮುಟ್ಟಿಸ್ಯಾರ ಅಂತ ಅವರಿಗೆ ಅವತ್ತ ಗೊತ್ತಾಗಿತ್ತು. ಏಳು ವರ್ಷ ಅರಗು ಬದಲಿ ಮಾಡಲಿಲ್ಲ."

ಉಡಚಪ್ಪ ಆ ಗುರುತಿನ ಮೇಲೆ ಬಗ್ಗಿದ. "ಮತ್ತ... ಯಾಕ ಕೇಳಲಿಲ್ಲ?"

"'ಬೆಳಕು ಸುಮ್ನ ಹೋಗೂದಿಲ್ಲ, ಹೋಗೂ ಮುಂದ ನಿಮ್ಮಣ್ಣ ಒಬ್ಬಾವನ ನೋಡ್ಯಾನ' ಅಂತಿದ್ರು. ಇರೂದೊಂದು ಕುಪ್ಪಿ, ಮತ್ತೊಮ್ಮೆ ಬಿಸಿ ಮುಟ್ಟಿಸಿದ್ರ ಕಾಯಂ ಸತ್ತ ಹೋದೀತಂತ ತಾವು ಅಂಜಿದ್ರು. ಬಂಡಿ ಹೂಡೂ ಮುಂದ ಪ್ರತಿ ಸರ್ತೆ, 'ಇವತ್ತ ಹೆಂಗಿತ್ತಂತ ಹೇಳತಾನ, ತಾನಾಗೇ ಹೇಳಬೇಕು' ಅಂತಿದ್ರು. ಅದೊಂದ ವಿಷಯಕ್ಕ ನಿನ್ನ ಮ್ಯಾಲ ಭಾಳ ಹೊಟ್ಟಿಕಿಚ್ಚು ಇತ್ತಣ್ಣಾ ಅವರಿಗೆ."

ಹದಿಮೂರು ವರ್ಷ ಒಬ್ಬನ ಮೇಲೆ ಬೆಂದ ಉಡಚಪ್ಪನಿಗೆ, ತನ್ನನ್ನು ಕಂಡೂ ಒಬ್ಬನು ಬೆಂದಾನು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಕಟ್ಟೆಯ ಮೇಲೆ ಕುಳಿತು ತನ್ನ ಮುಖವನ್ನೇ ನೋಡುತ್ತಿದ್ದ ಮುಖ ನೆನಪಾಯಿತು. 'ಏನೂ ಇಲ್ಲ' ಎಂದು ಎಷ್ಟು ಸಲ ಹೇಳಿದ್ದ!

ಕುಪ್ಪಿ ಮಂದವಾಗುತ್ತ ಬಂದು ಅವಳ ಮುಖ ಕಾಣದಾಯಿತು. ಕಂಬಳಿಯೊಳಗೆ ಬೂದಿಯ ಬಿಸಿ ಮಾತ್ರ ಉಳಿಯಿತು.

"ಹೇಳಣ್ಣಾ," ಎಂದಳು ಮಂಜವ್ವ, "ಅವತ್ತ ಹೆಂಗಿತ್ತು?"

ಉಡಚಪ್ಪ ಕತ್ತಲಲ್ಲಿ ಕೈಯಾಡಿಸಿ ತಂಗಿಯ ಕೈ ಹಿಡಿದುಕೊಂಡ. ಗಂಟಲು ಸರಿಮಾಡಿಕೊಂಡು, ಅವಳಿಗಲ್ಲದೆ ಇನ್ನೊಬ್ಬನಿಗೂ ಕೇಳಿಸಬೇಕು ಎಂಬಷ್ಟು ಜೋರಾಗಿ ಹೇಳತೊಡಗಿದ.

"ಒಂದು ಹೊಲದ ಅಗಸಿ ಎಲ್ಲಾ ಒಮ್ಮೆ ಹೂತಂಗಿತ್ತೋ ದ್ಯಾಮಪ್ಪಾ. ನನ್ನ ಅಂಗೈ ಗೆರಿ ಸೈತ ಕಂಡ್ವು."